ಮೌಸ್ ಮುಟ್ಟದ ಪ್ರಹ್ಲಾದನ ವಿಷಯವಾಗಿ

ಕಂಪ್ಯೂಟರ್ ಸಹಾಯದ ಕೆಲಸಕ್ಕೆ ಈ ಊರುಗಳಲ್ಲಿ ಹೊಸದಾಗಿ ಸೇರುತ್ತಿರುವ ಕಿರಿಯ ಮಿತ್ರರಿಗೆ,

ವಿಷಯ: ಮನೆಯ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸ್ಥಾಪಿಸುವ ಬಗ್ಗೆ, ಹಾಗೂ ಸದರಿ ಕೆಲಸದಲ್ಲಿ ನನ್ನನ್ನು ಬಿಟ್ಟು ಬೇರೆಯವರನ್ನು ಕರೆಯಲಾದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ನಿವೇದಿಸಿಕೊಳ್ಳುವುದೇನೆಂದರೆ, ನಾನು ಇದುವರೆಗೆ ಎಲ್ಲಿಯೂ ಏನನ್ನೂ ಬರೆದವನಲ್ಲ. ನಮ್ಮ ಕನ್ನಡ ಸಂಘದ ಸಂಚಿಕೆಯವರು ನಿವೃತ್ತರೆಲ್ಲರೂ ತಮ್ಮ ತಮ್ಮ ವೃತ್ತಿಯ ಬಗ್ಗೆ ಬರೆಯಬೇಕೆಂದು ಕೋರಿದಾಗ ಹಲವು ದಿನ ಉತ್ತರಿಸಲಿಲ್ಲ. ಕೆನಡಾಕ್ಕೆ ಬರುವ ಮೊದಲು ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಬೆರಳಚ್ಚುಗಾರನಾಗಿದ್ದೆ. ನನಗೆ ಭಯವಿಲ್ಲದೆ ಬರೆಯಲು ಬರುವುದು ಅಲ್ಲಿ ಕಲಿತ ಪತ್ರದ ಧಾಟಿಯೊಂದೇ. ಆದ್ದರಿಂದ ಈ ಲೇಖನವನ್ನು ಪತ್ರವೆಂದೇ ಪರಿಭಾವಿಸಿ, ಲೋಪದೋಷಗಳನ್ನು ಮನ್ನಿಸಬೇಕಾಗಿ ಕೋರುತ್ತೇನೆ.

ನಾನು ಟೊರಾಂಟೊ ಹತ್ತಿರದ ಮೆಡೋವೇಲ್‌ನ ಒಂದು ವಿಮಾ ಕಂಪನಿಯಲ್ಲಿ ಕಂಪ್ಯೂಟರ್ ಸಹಾಯ ವಿಭಾಗದಲ್ಲಿದ್ದೆ. ಬಡ್ತಿಗಳ ವಿವರವನ್ನು ಇಲ್ಲಿ ಕೊಡುವುದಿಲ್ಲ. ಕೊಡುವಷ್ಟು ಇಲ್ಲವೆಂಬುದೂ ಒಂದು ಕಾರಣ. ನಾನು ಸೇರಿದ ಕಾಲಕ್ಕೆ ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರವಿತ್ತು. ಪತ್ರವ್ಯವಹಾರಕ್ಕೆ ಒಂದು, ಸಂಬಳಕ್ಕೆ ಒಂದು, ಪರಿಹಾರದ ಅರ್ಜಿಗಳಿಗೆ ಒಂದು. ಆ ಕೋಣೆ ಬೇಸಿಗೆಯಲ್ಲಿಯೂ ಎಷ್ಟು ತಣ್ಣಗಿರುತ್ತಿತ್ತೆಂದರೆ, ಹೊರಗೆ ಅಂಗಿ ಬೆನ್ನಿಗಂಟುವ ದಿನಗಳಲ್ಲಿ ನಾನು ಒಳಗೆ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದೆ. ಅಲ್ಲಿ ಕೈ ತಪ್ಪುವಂತಿರಲಿಲ್ಲ. ಸಂಬಳದ ಯಂತ್ರದ ಮುಂದೆ ಒಂದು ತಪ್ಪು ಕೀಲಿ ಒತ್ತಿದರೆ ಇಡೀ ಕಟ್ಟಡಕ್ಕೆ ಆ ಶುಕ್ರವಾರ ಸಂಬಳವಿಲ್ಲ. ಆದ್ದರಿಂದ ಬೇರೆ ಯಾರ ಕೈಯೂ ಯಂತ್ರಕ್ಕೆ ತಾಗದಂತೆ ನೋಡಿಕೊಳ್ಳುವುದೇ ಈ ವೃತ್ತಿಯ ಮೊದಲ ಪಾಠವೆಂದು ತಿಳಿದೆ, ಮತ್ತು ಹಾಗೆಯೇ ನಡೆದುಕೊಂಡೆ.

ಪ್ರಹ್ಲಾದ ನನ್ನ ನಂತರ ಸೇರಿದವನು. ಅವನೂ ಮೈಸೂರಿನವನೇ, ನನ್ನ ವಯಸ್ಸಿನವನೇ. ಅವನ ಬಗ್ಗೆ ಏಕವಚನ ಬಳಸುತ್ತಿದ್ದೇನೆ. ಅದು ಸ್ನೇಹದಿಂದಲೋ ಬೇರೆ ಕಾರಣದಿಂದಲೋ ಎಂಬುದನ್ನು ಓದುಗರೇ ತೀರ್ಮಾನಿಸಬಹುದು.

ಲೆಕ್ಕಪತ್ರ ವಿಭಾಗದ ಪೆಟ್ರಿಷಿಯಾ ಎಂಬವರ ಪ್ರಿಂಟರು ಪದೇ ಪದೇ ಕೈಕೊಡುತ್ತಿತ್ತು. ನಾನು ಹೋದರೆ, “ಸ್ವಲ್ಪ ಏಳುತ್ತೀರಾ?” ಎಂದು ಅವರ ಕುರ್ಚಿಯಲ್ಲಿ ಕುಳಿತು, ಅವರು ಕೋಟು ತೆಗೆದು ತಗಲಿಸಿ ಬರುವಷ್ಟರಲ್ಲಿ ಕೆಲಸ ಮುಗಿಸಿ ಎದ್ದುಬಿಡುತ್ತಿದ್ದೆ. ಪ್ರಹ್ಲಾದ ಹೋದರೆ ಅರ್ಧ ಬೆಳಗು ಅಲ್ಲಿಯೇ. ಅವನು ಎಲ್ಲಿಗೆ ಹೋದರೂ ಎರಡೂ ಕೈಯಲ್ಲಿ ಕಾಫಿಯ ದೊಡ್ಡ ಲೋಟ ಹಿಡಿದು ಹೋಗುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕುಳಿತು, “ಈಗ ಏನು ಕಾಣುತ್ತಿದೆ? ಓದಿ ನೋಡೋಣ” ಎಂದು ಅವರಿಂದಲೇ ಎಲ್ಲವನ್ನೂ ಮಾಡಿಸುತ್ತಿದ್ದ. ಲೋಟ ಕೆಳಗಿಡುತ್ತಿರಲಿಲ್ಲ. ಮೌಸ್ ಮುಟ್ಟುತ್ತಿರಲಿಲ್ಲ. ಇದನ್ನು ನಾನು ಸೋಮಾರಿತನವೆಂದು ಪರಿಗಣಿಸಿದ್ದೆ.

ಡಿಸೆಂಬರ್ ತಿಂಗಳಲ್ಲಿ ಪೆಟ್ರಿಷಿಯಾ ಬಾಳೆಹಣ್ಣಿನ ಕೇಕು ಮಾಡಿ ತಂದರು. ಅದು ಬಂದದ್ದು ಪ್ರಹ್ಲಾದನ ಮೇಜಿಗೆ. ಅವನು ಒಂದು ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು ನನಗೆ ತಂದುಕೊಟ್ಟು, “ತಿನ್ನೋ ಶ್ರೀಕಂಠು, ಮೊಟ್ಟೆ ಹಾಕಿಲ್ವಂತೆ, ನಿನ್ನ ನೆನಪಿಟ್ಕೊಂಡೇ ಮಾಡಿದಾರೆ” ಎಂದ. ನಾನು ತಿಂದೆ. ಅದು ಬಹಳ ಚೆನ್ನಾಗಿತ್ತು ಎಂಬುದು ನನಗೆ ಇನ್ನಷ್ಟು ಕಷ್ಟವಾಯಿತು.

ನಮ್ಮ ಮೇಲಧಿಕಾರಿ ಹರ್ಜೀತ್ ಎಂಬವರು. ಪಂಜಾಬಿನವರು, ಜೋರು ದನಿಯವರು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದವರು. ತಿಂಗಳ ಕೊನೆಯಲ್ಲಿ ಯಾರು ಹೆಚ್ಚು ಸಹಾಯದ ಕರೆಗಳನ್ನು ಮುಗಿಸಿದರೆಂದು ನೋಡಿದರೆ ಪ್ರತಿ ಸಲವೂ ನಾನೇ ಮೊದಲಿಗ. ಒಮ್ಮೆ ಇದನ್ನು ವಿನಯಪೂರ್ವಕವಾಗಿ ಅವರ ಗಮನಕ್ಕೆ ತಂದೆ. ಅವರು ನಕ್ಕು, “ಅರೇ ಯಾರ್, ತೇರೇ ಲೋಗ್ ವಾಪಸ್ ಆತೇ ಹೈಂ. ಉಸ್ಕೇ ನಹೀಂ ಆತೇ” ಎಂದರು. ನನ್ನ ಜನ ಮತ್ತೆ ಮತ್ತೆ ಬರುತ್ತಾರೆ, ಅವನ ಜನ ಬರುವುದಿಲ್ಲ ಎಂದು ಅದರ ಅರ್ಥ. ಜನ ಮತ್ತೆ ನನ್ನ ಬಳಿಗೇ ಬರುವುದು ಹೆಮ್ಮೆಯ ಸಂಗತಿಯೆಂದು ನಾನು ಭಾವಿಸಿದ್ದೆ. ಇವರು ಅದನ್ನು ದೂರಿನಂತೆ ಏಕೆ ಹೇಳಿದರೆಂದು ಮಿಲ್ಟನ್‌ನ ನನ್ನ ಮನೆಯವರೆಗೆ ಕಾರು ಓಡಿಸುತ್ತಾ ಯೋಚಿಸಿದೆ. ಅದೇ ಮಾತಿನ ಇನ್ನೊಂದು ತುದಿಯೂ ನನ್ನನ್ನು ಚುಚ್ಚುತ್ತಿತ್ತು. ಬಂದವರು ಕೂಡ ಬಾಗಿಲಲ್ಲಿ ನಿಂತು ಮೊದಲು ಕೇಳುತ್ತಿದ್ದದ್ದು, “ಪ್ರಹ್ಲಾದ್ ಇಲ್ಲವೆ?”

ಆಮೇಲೆ ಕಾಲ ಬದಲಾಯಿತು. ಸಾಲು ಸಾಲು ಯಂತ್ರಗಳ ಜಾಗದಲ್ಲಿ ಕೆಲವೇ ದೊಡ್ಡ ಯಂತ್ರಗಳು ಬಂದವು. ಒಂದು ಯಂತ್ರದ ಮೆಮೊರಿಯನ್ನೂ ಡಿಸ್ಕನ್ನೂ ಪಾಲು ಮಾಡಿ, ಅದರೊಳಗೆ ಹಲವು ಯಂತ್ರಗಳಿರುವಂತೆ ನಡೆಸುವ ತಂತ್ರಾಂಶ ಬಂದಿತು. ಹೀಗೆ ಒಳಗಿರುವುದಕ್ಕೆ ವರ್ಚುವಲ್ ಯಂತ್ರ ಎನ್ನುತ್ತೇವೆ. ಅದಕ್ಕೆ ಪೆಟ್ಟಿಗೆಯಿಲ್ಲ, ಫ್ಯಾನಿಲ್ಲ. ಅದೊಂದು ಕಡತ ಮಾತ್ರ. ಬೇಡವಾದರೆ ಅಳಿಸಬಹುದು, ಬೇಕಾದರೆ ಇನ್ನೊಂದು ಮಾಡಬಹುದು. ಇದನ್ನು ನಾನು ಬಹಳ ಶ್ರದ್ಧೆಯಿಂದ ಕಲಿತೆ. ಕೈಪಿಡಿ ಓದಲೆಂದೇ ಕಾರು ಬಿಟ್ಟು ರೈಲಿನಲ್ಲಿ ಓಡಾಡಿದೆ. ಅಭ್ಯಾಸಕ್ಕೆಂದು ಕೊಟ್ಟ ಯಂತ್ರದಲ್ಲಿಯೂ ಒಂದು ತಪ್ಪನ್ನೂ ಮಾಡಲಿಲ್ಲ. ಪಕ್ಕದಲ್ಲಿ ಪ್ರಹ್ಲಾದ ಒಂದರ ಹಿಂದೊಂದು ಯಂತ್ರಗಳನ್ನು ಬೇಕೆಂದೇ ಕೆಡಿಸುತ್ತಾ, “ನೋಡಿಲ್ಲಿ ಗುರುವೇ, ಇದೂ ಸತ್ತುಹೋಯ್ತು!” ಎಂದು ಚಿಕ್ಕ ಹುಡುಗನಂತೆ ನಗುತ್ತಿದ್ದ. ಅವನು ಅಷ್ಟು ನಿಶ್ಚಿಂತೆಯಾಗಿ ಹೇಗಿರಬಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ನಾನು ತಣ್ಣನೆಯ ಕೋಣೆಯಲ್ಲಿ ಕಲಿತವನು. ಅವನು ಅದೇ ಕೋಣೆಯಲ್ಲಿದ್ದೂ ಆ ಭಯವನ್ನು ಕಲಿತಿರಲಿಲ್ಲ.

ಸಾಂಕ್ರಾಮಿಕದ ದಿನಗಳಲ್ಲಿ ಎಲ್ಲರನ್ನೂ ಮನೆಗೆ ಕಳುಹಿಸಲಾಯಿತು. ಪರಿಹಾರದ ಅರ್ಜಿಗಳನ್ನು ನೋಡುವ ನಮ್ಮ ಹಳೆಯ ಪ್ರೋಗ್ರಾಮು ಹೊಸ ವಿಂಡೋಸಿನಲ್ಲಿ ಓಡುತ್ತಿರಲಿಲ್ಲ. ಹೀಗಾಗಿ ಪ್ರತಿಯೊಬ್ಬರ ಮನೆಯ ಕಂಪ್ಯೂಟರಿನಲ್ಲಿ, ವಿಂಡೋಸ್ ಜೊತೆಗೇ ಬರುವ ಹೈಪರ್-ವಿ ಎಂಬ ಸೌಲಭ್ಯವನ್ನು ಆನ್ ಮಾಡಿಸಿ, ಒಳಗೆ ಒಂದು ಹಳೆಯ ಯಂತ್ರವನ್ನು ಕೂರಿಸಬೇಕಾಯಿತು. ಇದು ನನ್ನ ಕ್ಷೇತ್ರ. ಕಡೆಗೂ ನನ್ನ ಕಾಲ ಬಂದಿತೆಂದು ಎಣಿಸಿದೆ.

ಪೆಟ್ರಿಷಿಯಾ ಅವರ ಕಂಪ್ಯೂಟರಿಗೆ ನನ್ನ ಬೇಸ್‌ಮೆಂಟಿನಿಂದ ಸಂಪರ್ಕ ಪಡೆದು, “ತಾವು ಏನನ್ನೂ ಮುಟ್ಟಬೇಡಿ” ಎಂದು ಹೇಳಿ, ಇಲ್ಲಿಂದಲೇ ಎಲ್ಲವನ್ನೂ ಮಾಡಿದೆ. ಒಳಗಿನ ಯಂತ್ರಕ್ಕೆ ಇಂಟರ್ನೆಟ್ ಕೊಡಲು ಒಂದು ವರ್ಚುವಲ್ ಸ್ವಿಚ್ ಮಾಡಬೇಕು. ಅದರಲ್ಲಿ ಎಕ್ಸ್‌ಟರ್ನಲ್ ಎಂಬುದನ್ನು ಆರಿಸಿದರೆ, ಅದು ಹೊರಗಿನ ಕಂಪ್ಯೂಟರಿನ ನೆಟ್‌ವರ್ಕನ್ನೇ ಕೈಗೆ ತೆಗೆದುಕೊಂಡು ಬಿಚ್ಚಿ ಕಟ್ಟುತ್ತದೆ. ನಾನು ಆರಿಸಿದೆ, ಒತ್ತಿದೆ. ಸಂಪರ್ಕ ಕಡಿಯಿತು, ಮತ್ತೆ ಕಟ್ಟಿಕೊಳ್ಳಲಿಲ್ಲ. ಪೆಟ್ರಿಷಿಯಾ ಮಾತನಾಡುತ್ತಿದ್ದದ್ದು ಅದೇ ಕಂಪ್ಯೂಟರಿನ ಮೂಲಕವಾದ್ದರಿಂದ ಅವರ ದನಿಯೂ ಅರ್ಧ ವಾಕ್ಯದಲ್ಲಿ ನಿಂತಿತು. ಏನನ್ನೂ ಮುಟ್ಟಬೇಡಿ ಎಂಬ ನನ್ನ ಸೂಚನೆಯನ್ನು ಪಾಲಿಸುತ್ತಾ ಅವರು ಅಲ್ಲಿ, ಕಪ್ಪು ಚೌಕದ ಮುಂದೆ ನಾನು ಇಲ್ಲಿ.

ಅವರು ಮೊಬೈಲಿನಿಂದ ಕರೆದದ್ದು ಪ್ರಹ್ಲಾದನನ್ನು. ಅವನು ಬಾಯಿಮಾತಿನಲ್ಲೇ ಅವರಿಂದ ಆ ಸ್ವಿಚ್ಚನ್ನು ತೆಗೆಸಿ, ಉಳಿದ ಕೆಲಸವನ್ನೂ ಅವರಿಂದಲೇ ಮಾಡಿಸಿದ. ಮರುದಿನದ ಸಭೆಯಲ್ಲಿ ಪೆಟ್ರಿಷಿಯಾ ಬಹಳ ಸೌಜನ್ಯದಿಂದ, “ಶ್ರೀಕಂಠ ಅವರೇ, ಚಿಂತೆ ಬೇಡ, ಇನ್ನು ಅದು ನನಗೇ ಬರುತ್ತದೆ” ಎಂದರು. ಆ ವಾರ ತಮ್ಮ ವಿಭಾಗದವರಿಗೆಲ್ಲ ಅವರೇ ಹೇಳಿಕೊಟ್ಟರು. ಕಿರಿಯರು ಇದರಿಂದ ಎಕ್ಸ್‌ಟರ್ನಲ್ ಸ್ವಿಚ್ಚಿನ ಬಗ್ಗೆ ಎಚ್ಚರ ವಹಿಸತಕ್ಕದ್ದು. ನಾನು ಇದರಿಂದ ಕಲಿತದ್ದು ಅಷ್ಟೇ ಎಂದು ಆಗ ತಿಳಿದಿದ್ದೆ.

ಅನಂತರ ನಾವಿಬ್ಬರೂ ನಿವೃತ್ತರಾದೆವು. ಅವನು ಸ್ಕಾರ್‌ಬರೋದಲ್ಲಿ, ನಾನು ಮಿಲ್ಟನ್‌ನಲ್ಲಿ. ನಡುವೆ ಇಡೀ ಟೊರಾಂಟೊ ಇದೆ ಎಂಬುದು ನನಗೆ ಸಮಾಧಾನದ ಸಂಗತಿಯಾಗಿತ್ತು. ಇನ್ನು ಕನಿಷ್ಠ ನನ್ನ ಮನೆಯಲ್ಲಿ, ಯಂತ್ರ ಕೆಟ್ಟರೆ ಕರೆಯುವುದು ನನ್ನ ಹೆಸರನ್ನೇ ಎಂದು ನಂಬಿದ್ದೆ.

ನನ್ನ ಹೆಂಡತಿ ವಸಂತಾ ಹಿಂದೆ ಸಂಘದ ನಾಟಕಗಳನ್ನು ಬೆರಳಚ್ಚು ಮಾಡಿಕೊಡುತ್ತಿದ್ದಳು. ಅವಳು ಬಳಸುತ್ತಿದ್ದದ್ದು ಒಂದು ಹಳೆಯ ಕನ್ನಡ ತಂತ್ರಾಂಶ. ಅದರ ಕಡತಗಳು ಅದರಲ್ಲಿ ಮಾತ್ರ ತೆರೆಯುತ್ತವೆ, ಅದು ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಹಳೆಯ ಕಂಪ್ಯೂಟರು ಕೆಟ್ಟುಹೋಯಿತು. ಈ ಸಲದ ರಾಜ್ಯೋತ್ಸವಕ್ಕೆ ಅವಳು ಟೈಪು ಮಾಡಿದ್ದ ನಗೆನಾಟಕವೊಂದನ್ನು ಮತ್ತೆ ಆಡಬೇಕೆಂದು ಸಂಘದವರು ಕೇಳಿದರು. ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಡಾಲರ್ ಚಿಹ್ನೆಗಳ ರಾಶಿ. ಹೊಸದರೊಳಗೆ ಹಳೆಯದನ್ನು ಕೂರಿಸುವುದೇ ದಾರಿ. ಅಂದರೆ, ನನ್ನ ವೃತ್ತಿ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಹೈಪರ್-ವಿ ಇರುವುದು ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಮಾತ್ರ, ಹೋಮ್ ಆವೃತ್ತಿಯಲ್ಲಿ ಇಲ್ಲ. ನಮ್ಮ ಮನೆಗೆ ಪ್ರೊ ಆವೃತ್ತಿಯನ್ನು ಆರಿಸಿ ತಂದವನು ನಾನು.

ಅವಳು ಕೇಳಲಿ ಎಂದು ಕಾದೆ. ಒಂದು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ ಅವಳೆಂದಳು:

“ರೀ, ಶನಿವಾರ ಪ್ರಹ್ಲಾದ ಬರ್ತಾರೆ. ಊಟಕ್ಕೂ ಇರ್ತಾರೆ.”

“ಏನು ವಿಶೇಷ?”

“ಅದೇ, ಆ ಹಳೇ ವಿಂಡೋಸ್ ಒಳಗಡೆ ಹಾಕೋದು. ಹೇಳ್ಕೊಡಿ ಅಂದೆ, ಬರ್ತೀನಿ ಅಂದ್ರು.”

“ಸ್ಕಾರ್‌ಬರೋದಿಂದ ಇಲ್ಲಿಗೆ? ಫೋರ್-ಓ-ಒನ್ ಹೈವೇ ಟ್ರಾಫಿಕ್‌ನಲ್ಲಿ?”

“ಹ್ಞೂಂ. ಪಾಪ, ಎಷ್ಟು ದೂರ ಅಲ್ವಾ” ಎಂದು ಅವಳು ಇಂಗು ಹಾಕಿದಳು.

ನಾನು ಅದೇ ಅಡುಗೆಮನೆಯಲ್ಲಿ, ಅವಳ ಕೈಗೆ ಸಿಗುವಷ್ಟು ದೂರದಲ್ಲಿ ನಿಂತಿದ್ದೆ ಎಂಬುದನ್ನು ದಾಖಲಿಸಬಯಸುತ್ತೇನೆ.

ಶನಿವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಬೇಸ್‌ಮೆಂಟಿಗೆ ಇಳಿದು ಕಂಪ್ಯೂಟರನ್ನು ಪರಿಶೀಲಿಸಿದೆ. ಯಂತ್ರ ಆನ್ ಆಗುವಾಗಲೇ ಒಂದು ಕೀಲಿ ಒತ್ತಿ ಹೋಗಬೇಕಾದ ಒಳ ಸೆಟ್ಟಿಂಗಿನಲ್ಲಿ ವರ್ಚುವಲೈಸೇಷನ್ ಎಂಬುದನ್ನು ಆನ್ ಮಾಡದಿದ್ದರೆ ಹೈಪರ್-ವಿ ಬರುವುದೇ ಇಲ್ಲ. ನೋಡಿದರೆ ಅದು ಆಫ್ ಇತ್ತು. ಕೊಂಡಾಗಿನಿಂದ ಹಾಗೆಯೇ ಇದ್ದಿರಬೇಕು. ನನ್ನ ಬೆರಳು ಕೀಲಿಯ ಮೇಲಿತ್ತು. ಪ್ರಹ್ಲಾದ ಇಲ್ಲಿಯೇ ಸಿಕ್ಕಿಬೀಳುತ್ತಾನೆ, ಆಗ ಮೇಲಿಂದ ನನ್ನನ್ನು ಕರೆಯುತ್ತಾರೆ ಎಂಬ ವಿಚಾರ ಬಂದಿತು. ಯಥಾಸ್ಥಿತಿಯನ್ನು ಕಾಯ್ದುಕೊಳ್ಳಲಾಯಿತು.

ಪ್ರಹ್ಲಾದ ಬಂದ. ಬೂಟಿನ ಕೆಸರನ್ನು ಬಾಗಿಲಲ್ಲಿ ಕೊಡವುತ್ತಾ, “ಏನ್ ಗುರುವೇ, ರಿಟೈರ್ ಆದ್ಮೇಲೆ ಮನೇಲೇ ಇದ್ದು ಬೆಳ್ಳಗಾಗಿದೀಯ!” ಎಂದ. ಚೀಲದಲ್ಲಿ ಸಿ.ಡಿ. ಓದುವ ಪುಟ್ಟ ಪೆಟ್ಟಿಗೆಯನ್ನೂ ತಂದಿದ್ದ. ಹಳೆಯ ವಿಂಡೋಸಿನ ಮತ್ತು ಆ ಕನ್ನಡ ತಂತ್ರಾಂಶದ ಸಿ.ಡಿ.ಗಳು ವಸಂತಾಳ ಬಳಿ ಇದ್ದವು. ಅವಳು ಅವನಿಗೆ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟಳು. ಇಬ್ಬರೂ ಕೆಳಗಿಳಿದರು. ನಾನು ಬರಲೇ ಎಂದು ಕೇಳಲಿಲ್ಲ, ಅವರೂ ಕರೆಯಲಿಲ್ಲ.

ಈ ಊರಿನ ಮನೆಗಳಲ್ಲಿ ಬಿಸಿಗಾಳಿ ಬರಲು ನೆಲದಲ್ಲಿ ಜಾಲರಿಗಳಿರುತ್ತವೆ. ಕೆಳಗಿನ ಮಾತು ಅದರ ಮೂಲಕ ಮೇಲೆ ಬರುತ್ತದೆ. ನಾನು ಜಾಲರಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹುರುಳಿಕಾಯಿ ಹೆಚ್ಚುತ್ತಾ ಕುಳಿತೆ.

“ಅತ್ತಿಗೆ, ಆ ಹೈಪರ್-ವಿ ಮುಂದೆ ಟಿಕ್ ಮಾಡಿ.”

“ಆಗ್ತಾ ಇಲ್ಲ. ಮಸುಕಾಗಿದೆ. ಏನೋ ಹೇಳ್ತಿದೆ... ಫರ್ಮ್‌ವೇರಲ್ಲಿ ಡಿಸೇಬಲ್ ಆಗಿದೆ ಅಂತ. ಕೆಟ್ಟೋಯ್ತಾ?”

ಈಗ ಕರೆಯುತ್ತಾರೆ ಎಂದು ನಾನು ಚಾಕು ಕೆಳಗಿಟ್ಟೆ.

“ಏನೂ ಕೆಟ್ಟಿಲ್ಲ. ಒಳಗೊಂದು ಸ್ವಿಚ್ ಆಫ್ ಆಗಿದೆ, ಹುಡುಕೋಣ. ರೀಸ್ಟಾರ್ಟ್ ಮಾಡಿ, ಆನ್ ಆಗ್ತಿದ್ದ ಹಾಗೇ ಎಫ್-ಟೂ ಒತ್ತಿ, ಟಪಟಪ ಅಂತ.”

“ನಾನಾ?”

“ಮತ್ತಿನ್ಯಾರು? ನನ್ನ ಎರಡೂ ಕೈಯಲ್ಲಿ ಕಾಫಿ ಇದೆ.”

ಟಪಟಪ ಸದ್ದು ಕೇಳಿಸಿತು. ಆಮೇಲೆ ಅವಳ ನಗು. ನಾನು ಬಿಟ್ಟುಬಂದ ಅಡ್ಡಿಯಿಂದ ಅವಳಿಗೆ ಇನ್ನೊಂದು ವಿದ್ಯೆ ಬಂದದ್ದಷ್ಟೇ ಲಾಭ. ನಾನು ಚಾಕು ಎತ್ತಿಕೊಂಡೆ.

ಕೆಲಸ ಮುಂದುವರಿಯಿತು. ಯಂತ್ರಕ್ಕೆ ಹೆಸರು ಕೇಳಿತು, ಅವಳು “ಹಳೇಮನೆ” ಎಂದಿಟ್ಟಳು.

“ಜನರೇಷನ್ ಒನ್ನಾ ಟೂನಾ ಅಂತಿದೆ.”

“ನಿಮಗೇನನ್ಸುತ್ತೆ?”

“ಟೂ ಹೊಸದಲ್ವಾ? ಟೂ.”

“ಒತ್ತಿ.”

ಓದುಗರು ದಯವಿಟ್ಟು ಗಮನಿಸಬೇಕು: ಹಳೆಯ ವಿಂಡೋಸಿಗೆ ಜನರೇಷನ್ ಒಂದೇ ಆಗಬೇಕು. ಎರಡನ್ನು ಕೊಟ್ಟರೆ ಅದು ಏಳುವುದಿಲ್ಲ, ಮತ್ತು ಒಮ್ಮೆ ಕೊಟ್ಟದ್ದನ್ನು ಬದಲಿಸಲು ಬರುವುದಿಲ್ಲ. ನನಗೆ ಕುಳಿತಿರಲಾಗಲಿಲ್ಲ. ಮೆಟ್ಟಿಲ ಅರ್ಧಕ್ಕೆ ಇಳಿದು, “ಒನ್ ಕೊಡಬೇಕು!” ಎಂದೆ.

ಪ್ರಹ್ಲಾದ ಲೋಟ ಹಿಡಿದೇ ತಿರುಗಿ ನೋಡಿದ. “ಗೊತ್ತು ಗುರುವೇ. ಅತ್ತಿಗೆಗೂ ಗೊತ್ತಾಗ್ಲಿ.”

ವಸಂತಾ ತಿರುಗಲೂ ಇಲ್ಲ. “ರೀ, ಒಲೆ ಮೇಲೆ ಏನಾದ್ರೂ ಇದೆಯಾ ನೋಡಿ.”

ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಹೋಗಿ ನೋಡಿದೆ. ಜಾಲರಿಯಿಂದ ಅವಳ ದನಿ ಬಂದಿತು.

“ಏಳ್ತಾನೇ ಇಲ್ವಲ್ಲ ಇದು!”

“ಹಾಗಾದ್ರೆ ಟೂ ಇದಕ್ಕೆ ಆಗಿಬರಲ್ಲ ಅಂತಾಯ್ತು. ಅಳಿಸಿ, ಇನ್ನೊಂದು ಮಾಡಿ.”

“ಅಳಿಸಿದ್ರೆ ಹೋಗ್ಬಿಡಲ್ವಾ?”

“ಹೋಗ್ಲಿ ಅಂತಾನೇ ಅಲ್ವಾ ಇದಿರೋದು, ಅತ್ತಿಗೆ!”

ಅವಳು ಅಳಿಸಿದಳು, ಇನ್ನೊಂದನ್ನು ಮಾಡಿದಳು. ಪ್ರಹ್ಲಾದ ಅದಕ್ಕೆ ಇಂಟರ್ನೆಟ್ಟೇ ಬೇಡವೆಂದ. ಅಷ್ಟು ಹಳೆಯದನ್ನು ಹೊರಗೆ ಬಿಡಬಾರದೆಂದು ಕಾರಣ ಕೊಟ್ಟ. ಅದು ಸರಿಯಾದ ಸಲಹೆಯೇ. ಊಟದ ಹೊತ್ತಿಗೆ ಕೆಳಗಿನಿಂದ ಕೂಗು ಬಂದಿತು: “ರೀ! ಬನ್ನಿ! ಕನ್ನಡ ಬಂತು!”

ನಾನು ಹೋದೆ. ಪರದೆಯೊಳಗಿನ ಪರದೆಯಲ್ಲಿ ಹಳೆಯ ನೀಲಿ ಆಕಾಶ, ಹಸಿರು ಗುಡ್ಡ, ಅದರ ಮೇಲೆ ಅವಳ ನಾಟಕ. ಅವಳು ಮೊದಲ ಮಾತನ್ನು ಬೀಗರ ದನಿಯಲ್ಲಿ ಗಟ್ಟಿಯಾಗಿ ಓದಿದಳು, ಪ್ರಹ್ಲಾದ ಮದುಮಗನ ಮಾತನ್ನು ಓದಿದ. ಮೌಸ್ ಅವಳ ಕೈಯಲ್ಲಿತ್ತು. ಇಷ್ಟು ವರ್ಷ ಈ ಮನೆಯಲ್ಲಿ ನಾನು ಸರಿಪಡಿಸಿದ ಯಾವ ಯಂತ್ರದ ಮುಂದೆಯೂ ಅವಳ ಮುಖ ಹೀಗಿರಲಿಲ್ಲ. ನಾನು ಸರಿಪಡಿಸಿದಾಗ ಅವಳು “ಆಯ್ತಾ?” ಎನ್ನುತ್ತಿದ್ದಳು, ಅಷ್ಟೇ.

ಪ್ರಹ್ಲಾದ ಹೋದ ಮೇಲೆ ಪಾತ್ರೆ ಒರೆಸುತ್ತಾ ಕೇಳಿಯೇಬಿಟ್ಟೆ.

“ನನ್ನನ್ನ ಯಾಕೆ ಕೇಳಲಿಲ್ಲ?”

“ಕೇಳಿದ್ರೆ ನೀವು ಮಾಡಿಕೊಟ್ಬಿಡ್ತಿದ್ರಿ.”

“ಅದರಲ್ಲಿ ತಪ್ಪೇನು?”

“ತಪ್ಪೇನಿಲ್ಲ. ಮುಂದಿನ ಸಲಾನೂ ನಿಮ್ಮನ್ನೇ ಕೇಳ್ಬೇಕಾಗ್ತಿತ್ತು.”

ನನಗೆ ಬೇಕಾಗಿದ್ದದ್ದೂ ಅದೇ. ಹರ್ಜೀತ್ ಅವರ ಮಾತು, ಇಷ್ಟು ತಡವಾಗಿ, ನನ್ನ ಅಡುಗೆಮನೆಗೆ ಬಂದು ತಲುಪಿತ್ತು.

ಕಿರಿಯರು ಕೇಳಬಹುದು, ಅಲ್ಲಿಗೆ ಹೊಟ್ಟೆಕಿಚ್ಚು ಮುಗಿಯಿತೇ ಎಂದು. ಇಲ್ಲ. ಕಳೆದ ವಾರದ ಒಂದು ಸಂಗತಿಯನ್ನು ತಿಳಿಸಿ ಈ ಪತ್ರವನ್ನು ಮುಗಿಸುತ್ತೇನೆ.

ಮಧ್ಯಾಹ್ನ ಫೋನು ಬಂದಿತು. ಸಂಘದ ಲಲಿತಮ್ಮ, ನಮ್ಮಿಬ್ಬರಿಗಿಂತ ಹಿರಿಯರು. ಅವರ ಹಾಡುಗಳೂ ಅದೇ ಹಳೆಯ ತಂತ್ರಾಂಶದಲ್ಲಿ ಸಿಕ್ಕಿಕೊಂಡಿವೆಯಂತೆ.

“ವಸಂತಾ ಇದಾಳೇನಪ್ಪಾ?”

“ಏನು ವಿಷಯ, ನಾನೇ ಹೇಳ್ತೀನಿ ಲಲಿತಮ್ಮ. ನಾನು ಅದೇ ಕೆಲಸದಲ್ಲಿದ್ದವನು.”

“ನೀನು ಬೇಡ ಕಣಪ್ಪಾ, ನಿನ್ನ ಸ್ಪೀಡಿಗೆ ನನಗಾಗಲ್ಲ. ಅವಳಿಗೇ ಕೊಡು.”

ಕೊಟ್ಟೆ. ವಸಂತಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, “ಲಲಿತಮ್ಮ, ಮೌಸ್ ನೀವೇ ಹಿಡ್ಕೊಳ್ಳಿ. ಈಗ ಏನ್ ಕಾಣ್ತಿದೆ? ಓದಿ” ಎಂದಳು. ಪ್ರಹ್ಲಾದನ ಮಾತು, ಪ್ರಹ್ಲಾದನ ನಿಧಾನ. ನಾನು ಪಕ್ಕದಲ್ಲಿ ಕುಳಿತೆ. ಇದುವರೆಗೆ ಒಬ್ಬನಿದ್ದ, ಈಗ ಇಬ್ಬರಾದರು.

ಬಹಳ ಹೊತ್ತಿನ ನಂತರ ಫೋನಿನಿಂದ ಲಲಿತಮ್ಮನ ದನಿ: “ಜನರೇಷನ್ ಅಂತೆ. ಟೂನೇ ಕೊಡ್ಲಾ?”

ನನ್ನ ಕೈ ನನಗೆ ತಿಳಿಯದಂತೆಯೇ ಫೋನಿನತ್ತ ಹೋಯಿತು. ವಸಂತಾ ನನ್ನನ್ನು ನೋಡಿದಳು. ತನ್ನ ಕಾಫಿಯ ಲೋಟವನ್ನೆತ್ತಿ, ನನ್ನ ಕೈಗೆ ಕೊಟ್ಟು, ಇನ್ನೊಂದು ಕೈಯನ್ನೂ ಎಳೆದು ಅದರ ಸುತ್ತ ಇಟ್ಟಳು.

“ನಿಮಗೇನನ್ಸುತ್ತೆ, ಲಲಿತಮ್ಮ?” ಎಂದು ಕೇಳಿದಳು.

“ಟೂನೇ ಇರ್ಲಿ.”

“ಒತ್ತಿ.”

ಲೋಟ ಬಿಸಿಯಾಗಿತ್ತು. ನಾನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬಾಯಿ ಮುಚ್ಚಿಕೊಂಡು, ತಪ್ಪು ತಪ್ಪಾಗಿಯೇ ಮುಂದೆ ಹೋಗುವುದನ್ನು ಕೇಳುತ್ತಾ ಕುಳಿತೆ. ಈ ವೃತ್ತಿಯಲ್ಲಿ ನಾನು ಮಾಡಿದ ಯಾವ ಕೆಲಸವೂ ಇಷ್ಟು ಕಷ್ಟದ್ದಾಗಿರಲಿಲ್ಲ. ಇದನ್ನು ಆ ಪ್ರಹ್ಲಾದ ದಿನವಿಡೀ, ನಗುನಗುತ್ತಾ, ವರ್ಷಾನುಗಟ್ಟಲೆ ಹೇಗೆ ಮಾಡಿದ ಎಂದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.

ಶ್ರೀಕಂಠ
ಮಿಲ್ಟನ್